ಏಳನೇ ಬೋರ್ಡು

ಗಂಜಿನ ಹಿಂದಿನ ಗಲ್ಲಿ, ಬೇಳೆ ಮಿಲ್ಲಿನ ಮ್ಯಾಲಿನ ಹಾಲು.
ಕಿಟಕಿ ತೆರೆದರ ತೊಗರಿ ಧೂಳು, ಮುಚ್ಚಿದರ ಕುದಿ.
ಏಪ್ರಿಲ್. ಐದನೇ ಸುತ್ತು.
ಎದುರಿಗೆ ಚಂದ್ರಭಾಗಾ ಸಿಸ್ಟರ್,
ರಾತ್ರಿ ಪಾಳಿ ಮುಗಿಸಿ ದವಾಖಾನಿಂದ ಸೀದಾ ಬಂದಾರ.
ಕಾಯಿ ಹಿಡಿಯೋದೂ ನಾಡಿ ಹಿಡದ್ಹಾಂಗ,
ಎರಡೇ ಬೆರಳು.

ನಾನು ಲಾಡ್ಲೇಸಾಬ, ವೇಬ್ರಿಡ್ಜಿನವ.
ತುಂಬಿದ ಲಾರಿ, ಖಾಲಿ ಲಾರಿ, ಕಳೆದರ ಉಳಿದದ್ದು ಮಾಲು:
ಹತ್ತೊಂಬತ್ತು ವರ್ಷ ಇಷ್ಟೇ ಲೆಕ್ಕ.
ಶತ್ರಂಜ್ ಕಲಿಸಿದಾತ ಚಾಚಾ. ಆತನ ಬಾಯಾಗ
ಮಂತ್ರಿ ಅಂದ್ರ ವಜೀರ, ಸೋಲಂದ್ರ ಮಾತ್.
ಕನ್ನಡ ಸಾಲಿ ಹುಡುಗ ನಾನು,
ಮಾತ್ ಅಂದ್ರ ಮಾತೇ ಅಂತ ತಿಳದಿದ್ದೆ:
ಯಾರೋ ರಾಜನ ಕಿವ್ಯಾಗ ಏನೋ ಒಂದು ಅಂದ್ರು,
ಅದಕ್ಕ ಆತ ಬಿದ್ದ.

ಇಪ್ಪತ್ತೆರಡನೇ ನಡೆಗೆ ಕರೆಂಟ್ ಹೋತು.
ಫ್ಯಾನಿನ ರೆಕ್ಕಿ ಎಣಿಸೋ ಹಾಂಗಾಗಿ ನಿಂತವು.
ಗಡಿಯಾರದ್ದು ಸೆಲ್ಲು. ಅದು ನಿಲ್ಲಲಿಲ್ಲ,
ಓಡ್ಲತ್ತಿದ್ದು ನನ್ನ ಕಡೀದೇ.
ಬೆವರಿಗೆ ಪೆನ್ನು ಜಾರ್ತಿತ್ತು,
ಆಕಿ ರಾಜ ಮೂರು ಪ್ಯಾದಿ ಹಿಂದ
ಗೋಡಿಗೆ ಬೆನ್ನು ಹಚ್ಚಿ ಕುಂತಿದ್ದ,
ಅಲ್ಲೇನೋ ಅದ, ಏನೋ ಅದ ಅಂತ ಎದಿ ಬಡೀತಿತ್ತು.
ಕುದುರಿ ಮುಟ್ಟಿದೆ.

ಯಾಕ ಮುಟ್ಟಿದೆ, ಕೇಳಬ್ಯಾಡ್ರಿ.
ನೊಣ ಕುಂತಿತ್ತು ಅನ್ನಬಹುದಿತ್ತು.
ಮುಟ್ಟಿದ್ದು ನಡೆಸಬೇಕು. ಪಂಚಾಳ ಸರ್ ಬಾಗಿಲ ಹೊರಗಿದ್ರು,
ಜನರೇಟರ್‌ನವನ ಕೂಡ ಜಗಳಕ್ಕ.
ನಡೆಸಿದೆ.
ತೂಕದ ಕೆಲಸದವಗ ಯಾರೂ ನೋಡದಾಗಿನ ಕೈ ಭಾಳ ಭಾರ.

ಸಿಸ್ಟರ್ ಹನ್ನೆರಡು ಮಿನಿಟು ತೊಗೊಂಡ್ರು.
ನಿದ್ದಿ ಹತ್ತಿತೇನೋ ಅನ್ನೋದ್ರಾಗ
ಒಂಟಿ ಎತ್ತಿ ಮೂಲಿ ಪ್ಯಾದಿ ತಿಂದ್ರು.
ಆಮ್ಯಾಲ ಹೇಳೋವಂಥದ್ದೇನೂ ಇಲ್ಲ.
ಆನಿಗೆ ಆನಿ, ವಜೀರಗ ವಜೀರ,
ಬಯಲಾಗ ಎರಡು ರಾಜರು ಒಬ್ಬರನ್ನೊಬ್ಬರು ತಡಕೊಂತ.
"ಡ್ರಾ?" ಅಂದ್ರು. ಕೈ ಕೊಟ್ಟೆ.
ಆಕಿ ಕೈ ತಣ್ಣಗಿತ್ತು.

ಹನ್ನೆರಡನೇ ಬೋರ್ಡಿನ ಮಾಂತು, ಒಂಬತ್ತು ವರ್ಷದ ಪೋರ,
ತನ್ನ ಆಟ ಯಾವಾಗೋ ಗೆದ್ದು
ಬಾಯಿ ಮ್ಯಾಲ ಎರಡೂ ಕೈ ಇಟ್ಕೊಂಡು ನಮ್ಮ ಮಗ್ಗಲ ನಿಂತಿದ್ದ.
ಸಹಿ ಆದ ಕೂಡಲೇ ಕೈ ತೆಗದ:
"ಅಂಕಲ್, ಕ್ವೀನ್ ಕೊಟ್ಟಿದ್ರ ಮಾತ್ ಇತ್ತು!
ಆಂಟಿ, ಮುಂದಿನ ನಡೆಗೆ ನಿಮಗೂ ಇತ್ತು!"
ಒಂದು ತಾಸು ಅಷ್ಟನ್ನ ಹೊಟ್ಟ್ಯಾಗ ಹೆಂಗ ಇಟ್ಕೊಂಡಿದ್ದನೋ.

ಕೆಳಗ ಬಂಡಿ ಮುಂದ ಮೂವರಿಗೂ ಸುಸಲಾ, ಮಿರ್ಚಿ.
ರೊಕ್ಕ ನಾನೇ ಕೊಟ್ಟೆ.
ಗಂಟಲಾಗ ಇಳೀಲಿಲ್ಲ.

ರಾತ್ರಿ ಹನ್ನೊಂದೂಕಾಲಿಗೆ ಫೋನು.
"ಹುಡುಗ ಹೇಳಿದ್ದು ಸುಳ್ಳದ ರೀ ಲಾಡ್ಲೇಸಾಬ್.
ನೀವು ಮಂತ್ರಿ ಕೊಡ್ತಿದ್ರಿ, ನನ್ನ ಆನಿ ತಿಂತಿತ್ತು,
ನಿಮ್ಮ ಆನಿ ಬಂದು ಶಹ ಅಂತಿತ್ತು.
ನನ್ನ ಒಂಟಿ ಹಿಂದ ಸರದು ಅಡ್ಡ ನಿಂತಿದ್ರ?"
ಆಕಡೆ ಯಾವುದೋ ಮಷೀನು ಟಿಕ್ ಟಿಕ್ ಅಂತಿತ್ತು.

ಮಾಳಿಗಿ ಮ್ಯಾಲ ಬೋರ್ಡು ಹಾಸಿದೆ. ಫರಸಿ ಇನ್ನೂ ಬಿಸಿ.
ವಜೀರ ಕೊಟ್ಟೆ. ಆನಿ ತಂದೆ.
ಒಂಟಿ ಸರದು ಬಂದು ಅಡ್ಡ ನಿಂತಿತು.
ಖರೇ. ಮಾತ್ ಇರಲಿಲ್ಲ. ಇದ್ದ ವಜೀರನೂ ಹೋಗ್ತಿದ್ದ.
ಹುಟ್ಟದ ಗೆಲುವಿಗೆ
ಸಂಜಿತನಕ ಸೂತಕ ಹಿಡದಿದ್ದೆ.

"ಹಾಂಗಾದ್ರ ನಿಮ್ದು, ಸಿಸ್ಟರ್?"

ಟಿಕ್ ಟಿಕ್.
"ನಂದು ಖರೇನ ಇತ್ತು.
ಅದೇ ಒಂಟಿ. ನೀವು ಕುದುರಿ ಎಬ್ಬಿಸಿದ ಕೂಡಲೇ ಬಾಗಿಲಾ ತೆರದಿತ್ತು,
ಮಂತ್ರಿ ಹೋಗಿ ನಿಂತಿದ್ರ ಸಾಕಿತ್ತು."
ನಕ್ಕರೋ, ಆಕಳಿಸಿದರೋ.
"ಇಡ್ತೀನಿ. ನಾಕನೇ ಬೆಡ್ಡಿನವ ಕರೀಲತ್ತಾನ."

ಕುದುರಿ ತಂದು ಅದರ ಮನ್ಯಾಗ ಇಟ್ಟೆ.
ತೆಗದೆ.
ಮತ್ತ ಇಟ್ಟೆ.
ಗಂಜಿನ ಕಡಿಂದ ಲಾರಿ ಒಂದು ಖಾಲಿ ಹೊಂಟಿತ್ತು, ಸಪ್ಪಳದಾಗೇ ಗೊತ್ತಾಗ್ತದ.
ಈ ಹೊತ್ತಿನಾಗ ಮುಟ್ಟಿದ್ದೆಲ್ಲ
ನಡೆಸಬೇಕಂತೇನಿಲ್ಲ.